ಐದನೇ ರೊಟ್ಟಿ

ಆ ಮಂಗಳವಾರ ಬೆಳಿಗ್ಗೆ ಗೋವಿಂದಪ್ಪನಿಗೆ ಹೆದರಿಕೆ ಮೊದಲು ಹತ್ತಿದ್ದು ಮೊಣಕಾಲಿಗೆ. ಇಳಕಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದಾನೆ, ಇನ್ನೊಂದು ನೆಲ ಬಿಟ್ಟು ಏಳಲೊಲ್ಲದು. ಹಿಂದೆ ನಿಂತ ಮುದುಕಿ, “ಏರೋ ನಮ್ಮಪ್ಪಾ, ಒಳಗೇನ್ ಹುಲಿ ಕಟ್ಟ್ಯಾರೇನ?” ಎಂದಳು. ಬಸ್ಸಿನಲ್ಲಿದ್ದ ಕನಿಷ್ಠ ಮುನ್ನೂರು ಮಂದಿ ನಕ್ಕರು. ಕಂಡಕ್ಟರನಂತೂ ಟಿಕೀಟಿನ ಪೆಟ್ಟಿಗೆ ಕೈಜಾರುವಷ್ಟು ನಕ್ಕ. ಗೋವಿಂದಪ್ಪ ನಗಲಿಲ್ಲ. ಹುನಗುಂದದ ಕಡೆಗೆ ಅರ್ಧ ತಾಸಿನ ಹಾದಿ. ಆ ಅರ್ಧ ತಾಸಿನಲ್ಲಿ ಅವನು ತಾನು ಕಲಿಸುವ ಹೈಸ್ಕೂಲಿಗೆ ನಾಲ್ಕು ಸಲ ಬೆಂಕಿ ಹಚ್ಚಿದ, ಯಾರೋ ದೊಡ್ಡ ಮನುಷ್ಯನನ್ನು ಎರಡು ಸಲ ಸಾಯಿಸಿ ರಜೆ ಕೊಡಿಸಿದ, ಒಂದು ಸಲ ತಾನೇ ಸತ್ತ. ಯಾವುದೂ ಆಗಲಿಲ್ಲ. ಬಸ್ಸು ತನ್ನ ಜನ್ಮದಲ್ಲಿ ಮೊದಲನೇ ಸಲ ಹೊತ್ತಿಗೆ ಸರಿಯಾಗಿ ಮುಟ್ಟಿತು. ಮೂರನೇ ಪೀರಿಯಡ್ಡಿಗೆ ಮಾಳಪ್ಪ ಬರುತ್ತಾನೆ. ನಿನ್ನೆ ಅವನ ಮಗಳು, ಹತ್ತನೇ ಇಯತ್ತೆಯ ಮಲ್ಲವ್ವ, ಬಾಗಿಲಲ್ಲಿ ನಿಂತು ಹೇಳಿದ್ದಳು: “ಸರ, ನಾಳಿ ನಮ್ಮಪ್ಪ ಸಾಲಿಗಿ ಬರ್ತಾನಂತರಿ. ನಿಮ್ಮ ಕೂಡ ಮಾತಾಡೂದೈತಂತ.” ಯಾಕೆ ಎಂದು ಕೇಳಿದರೆ, “ಗೊತ್ತಿಲ್ರಿ” ಎಂದಳು. ಹಾಗೆನ್ನುವಾಗ ಅವಳ ಕಣ್ಣು ಅವನ ಮುಖದ ಮೇಲಿರಲಿಲ್ಲ, ಅಂಗಿಯ ಮೂರನೇ ಗುಂಡಿಯ ಮೇಲಿತ್ತು. ಎಲ್ಲ ಗೊತ್ತಿದ್ದವರು ಮಾತ್ರ ಹಾಗೆ ಗುಂಡಿ ನೋಡುತ್ತಾರೆ.

ಎರಡು ಸಾವಿರದ ಎರಡನೇ ಇಸವಿಯ ಮಾತು ಇದು. ಕೃಷ್ಣೆ, ಮಲಪ್ರಭೆ, ಘಟಪ್ರಭೆ ಮೂರೂ ಹೊಳೆಗಳ ನಡುವಿನ ಸೀಮೆಯಲ್ಲಿ ಹಳೆಯ ಕಥೆಪದ ಅಂದರೆ ಗೋವಿಂದಪ್ಪ, ಗೋವಿಂದಪ್ಪ ಅಂದರೆ ಕಥೆಪದ. ಬೇರೆ ಯಾರೂ ಹಾಗನ್ನದಿದ್ದರೂ ಅವನೊಬ್ಬನೇ ಹತ್ತು ಊರಿನಷ್ಟು ಸಲ ಅಂದಿದ್ದ. ಧಾರವಾಡದ ರೇಡಿಯೋದಲ್ಲಿ ಏಳು ನಿಮಿಷ ಮಾತಾಡಿ ಬಂದದ್ದು ಖರೆ. ಆ ಏಳು ನಿಮಿಷ ಅವನ ಬಾಯಲ್ಲಿ ಮೊದಲ ವರ್ಷ ಅರ್ಧ ತಾಸಾಯಿತು, ಮೂರನೇ ವರ್ಷಕ್ಕೆ ವಾರಕ್ಕೊಮ್ಮೆಯ ಕಾರ್ಯಕ್ರಮವಾಯಿತು. ಪಾಠ ಮಾತ್ರ ಬೆಂಕಿಯಂತೆ ಮಾಡುತ್ತಿದ್ದ, ಅದರಲ್ಲಿ ಸುಳ್ಳಿಲ್ಲ. ಆರು ನೂರು ವರ್ಷದ ಹಿಂದಿನ ಪದವನ್ನು ಅವನು ಎತ್ತಿದರೆ ಹೊರಗೆ ಬೇವಿನ ಗಿಡದ ಕಾಗೆಗಳು ಜಗಳ ನಿಲ್ಲಿಸುತ್ತಿದ್ದವು. ಹನ್ನೆರಡು ದಿನದ ಹಿಂದೆ ಅಂಥದೇ ಒಂದು ಪಾಠದ ಕೊನೆಗೆ ಎದೆ ಉಬ್ಬಿಸಿ, “ನಿಮ್ಮ ನಿಮ್ಮ ಮನ್ಯಾಗ ಹಾಡೂ ಯಾವುದರ ಪದದಾಗಿನ ಸವಾಲು ಕೇಳ್ರಿ. ಜವಾಬು ನಾ ಕೊಡ್ತೇನಿ” ಎಂದುಬಿಟ್ಟ. ಎಂದೂ ಬಾಯಿ ಬಿಡದ ಮಲ್ಲವ್ವ ಎದ್ದು ನಿಂತಳು. ಅವಳ ಅಪ್ಪ ಮಾಳಪ್ಪ ಬೀರಪ್ಪನ ಗುಡಿಯ ಡೊಳ್ಳಿನ ಮೇಳದವನು. ಹೊಳೆಯಾಚೆ ಕುರಿ ಮೇಯಿಸಲು ಹೋಗಿ ತಿರುಗಿ ಬಾರದ ಅಣ್ಣನನ್ನು ಹುಡುಕಿ ಹೊರಟ ತಂಗಿಯ ಪದ ಅವರ ಮನೆಯದು. ಅವಳು ಸೆರಗಿನ ತುದಿ ಹಿಡಿದುಕೊಂಡು ಅಂದಳು:

ಹೊಳಿಯ ದಂಡ್ಯಾಗ ನಿಂತು ತಂಗಿ ಬುತ್ತಿ ಬಿಚ್ಯಾಳ
ಅಣ್ಣಗೊಂದು, ನಾಯಿಗೊಂದು, ದೇವರಿಗೊಂದು
ಹರಿಯೋ ಹೊಳಿಗೊಂದು ರೊಟ್ಟಿ ಹಾಕ್ಯಾಳ
ಐದನೇ ರೊಟ್ಟಿ ಯಾರಿಗಿಟ್ಟಾಳ, ಹೇಳೋ ಜಾಣಾ

ಗೋವಿಂದಪ್ಪನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ಮೂರು ಅಕ್ಷರ, ಬಹಳವೆಂದರೆ ನಾಲ್ಕು. ಎಪ್ಪತ್ತೆಂಟು ಕಣ್ಣು ಅವನ ಬಾಯಿಯನ್ನೇ ನೋಡುತ್ತಿದ್ದವು. ಆ ವಾರ ಅವನು ಸಾಲೆಯ ವಾರ್ಷಿಕ ಸಮ್ಮೇಳನಕ್ಕೆಂದು ಮಕ್ಕಳಿಗೆ ಒಂದು ಹಳೆಯ ಆಟ ಕಲಿಸುತ್ತಿದ್ದ. ಸತ್ಯ, ಸುಳ್ಳು, ಆಸೆ, ಸಾವು ಎಲ್ಲ ಮನುಷ್ಯರಂತೆ ವೇಷ ಹಾಕಿ ಬಂದು ಮಾತಾಡುವ ಆಟ. ಅದರಲ್ಲಿ ಯಮನ ಆಳು ಹಸಿದು ಬಂದು ಮನೆಮನೆಯ ಬಾಗಿಲಲ್ಲಿ ನಿಲ್ಲುತ್ತಾನೆ. ನಾಲಿಗೆ ತಾನಾಗಿಯೇ ಅಲ್ಲಿಗೆ ಹೋಗಿ ಅವನನ್ನು ಕೈಹಿಡಿದು ಎಳೆದು ತಂದಿತು. “ಐದನೇ ರೊಟ್ಟಿ ಯಮನ ಆಳಿಗೆ!” ಎಂದ. “ಹಳೇ ಹೊತ್ತಿಗ್ಯಾಗ ಐತಿ. ನಾ ಕಣ್ಣಾರೆ ಓದೇನಿ.” ತರಗತಿ ‘ಆಹಾ’ ಎಂದಿತು. ಮಲ್ಲವ್ವ ಮಾತ್ರ ನಿಂತೇ ಇದ್ದಳು, ಕಲ್ಲು ಎಸೆದ ಬಾವಿಯಲ್ಲಿ ಸದ್ದು ಬರಲೆಂದು ಕಾಯುವವರ ಹಾಗೆ.

ಆ ಸದ್ದು ಬಂದದ್ದು ನಾಲ್ಕು ದಿನ ಬಿಟ್ಟು, ಕಾಳಪ್ಪನ ಬಾಯಿಂದ. ಕಾಳಪ್ಪ ಅದೇ ತರಗತಿಯವನು, ಪಕ್ಕದ ಊರಿನ ಎದುರು ಮೇಳದ ಯಮನಪ್ಪನ ಅಣ್ಣನ ಮಗ. “ಸರ, ನಮ್ಮ ಕಾಕಾ ಗೆದ್ದಾನ್ರಿ! ಮಾಳಪ್ಪನ ಡೊಳ್ಳು ಕಂಬಕ್ಕ ಕಟ್ಟಿಸ್ಯಾನ್ರಿ! ನೀವು ಹೇಳಿದ ಜವಾಬ ಹೇಳಿ!” ಎಂದು ಕುಣಿಯುತ್ತ ಬಂದ. ಎದುರುಬದರು ಕೂತು ಹಾಡುವ ಮೇಳಗಳಲ್ಲಿ ಕಟ್ಟಳೆ ಹೀಗೆ: ಸವಾಲು ಹಾಕಿದವನಿಗೆ ಜವಾಬು ಬಂದರೆ ಅವನು ಒಪ್ಪಬೇಕು, ಇಲ್ಲವೆ ತಪ್ಪೆಂದು ಹೇಳಿ ಸರಿಯಾದದ್ದನ್ನು ತಾನೇ ಹಾಡಬೇಕು. ಎರಡೂ ಆಗದಿದ್ದರೆ ಅವನ ಡೊಳ್ಳನ್ನು ಗುಡಿಯ ಕಂಬಕ್ಕೆ ಕಟ್ಟುತ್ತಾರೆ. ಎಂಟನೇ ದಿನ ಹೊತ್ತು ಮುಳುಗುವುದರೊಳಗೆ ಜವಾಬು ಸುಳ್ಳೆಂದು ತೋರಿಸಿದರೆ ಡೊಳ್ಳು ಮರಳಿ ಬರುತ್ತದೆ. ಇಲ್ಲವಾದರೆ ಗೆದ್ದವರ ಪಾಲು, ಸೋತವನು ಆ ಗುಡಿಯ ಮುಂದೆ ಮತ್ತೆ ಬಾಯಿ ತೆರೆಯುವಂತಿಲ್ಲ. ನಲವತ್ತು ವರ್ಷ ಆ ಸವಾಲಿನಿಂದ ಒಬ್ಬರನ್ನೂ ಬಿಡದೆ ಕೆಡವಿದ ಮಾಳಪ್ಪ, ಯಮನಪ್ಪ ಜವಾಬು ಹೇಳಿದಾಗ ಕಂಬದಂತೆ ನಿಂತನಂತೆ. “ಯಾವ ಆಧಾರ?” ಎಂದು ಪಂಚರು ಕೇಳಿದರೆ ಯಮನಪ್ಪ, “ಹೈಸ್ಕೂಲ್ ಸರ ಹೊತ್ತಿಗ್ಯಾಗ ಓದ್ಯಾರ” ಎಂದನಂತೆ. ಹೈಸ್ಕೂಲ್ ಸರ ಎಂದ ಕೂಡಲೇ ಗುಡಿಯ ಮುಂದಿನ ಹತ್ತು ಸಾವಿರ ಜನ ಹೂಂ ಅಂದರಂತೆ. ಹತ್ತು ಸಾವಿರವಲ್ಲ, ಇನ್ನೂರೇ ಇರಬಹುದು. ಆದರೆ ಗೋವಿಂದಪ್ಪನ ಕಿವಿಯಲ್ಲಿ ಅದು ಲಕ್ಷ ಜನರ ಹೂಂ ಆಗಿ ಎಂಟು ದಿನವೂ ಕೇಳುತ್ತಿತ್ತು.

ಇವತ್ತು ಎಂಟನೇ ದಿನ. ‘ಅದು ನಾನು ಕಟ್ಟಿದ ಮಾತು’ ಎಂದು ಒಂದು ಸಲ ಅಂದರೆ ಸಾಕು, ಡೊಳ್ಳು ಕಂಬದಿಂದ ಇಳಿಯುತ್ತದೆ. ಅಷ್ಟೇ. ಅಷ್ಟು ಅನ್ನುವುದರ ಬದಲು ಆಲಮಟ್ಟಿ ಅಣೆಕಟ್ಟಿನ ಗೋಡೆಯನ್ನು ಬರಿಗೈಯಲ್ಲಿ ಎತ್ತಿ ಇಡು ಎಂದಿದ್ದರೆ ಅವನು ಅಂಗಿ ಬಿಚ್ಚಿ ನಿಲ್ಲುತ್ತಿದ್ದ. ಬಾಗಲಕೋಟೆಯಲ್ಲಿ ಅವನ ಅಕ್ಕನ ಓಣಿಗೆ ಆ ಅಣೆಕಟ್ಟಿನ ಹಿನ್ನೀರು ಬಂದದ್ದನ್ನು ನೋಡಿದ್ದ. ಅದು ಹೊಳೆಯಂತೆ ಗದ್ದಲ ಮಾಡುತ್ತ ಬರುವುದಿಲ್ಲ. ಸಂಜೆ ಕಟ್ಟೆಯ ಕೆಳಗಿರುತ್ತದೆ, ಬೆಳಿಗ್ಗೆ ಬಾಗಿಲು ತೆರೆದರೆ ಹೊಸ್ತಿಲ ಮೇಲೆ ಸುಮ್ಮನೆ ಕೂತಿರುತ್ತದೆ. ಈ ಎಂಟನೇ ದಿನವೂ ಹಾಗೇ ಬಂದಿತ್ತು. ಇವತ್ತು ಬೆಳಿಗ್ಗೆ ಹೆಂಡತಿ ರತ್ನಾಬಾಯಿ ಚಹಾ ಕೊಡುತ್ತ, “ಯಾಕ್ರಿ, ಎಂಟ ದಿನಾತು, ಒಂದೂ ಬಡಾಯಿ ಇಲ್ಲ. ಮೈಯಾಗ ಆರಾಮಿಲ್ಲೇನ್ರಿ?” ಎಂದಾಗ ಅವನು ಚಹಾ ಅರ್ಧಕ್ಕೇ ಬಿಟ್ಟು ಎದ್ದಿದ್ದ. ಹೊರಗೆ ಪಡಸಾಲೆಯಲ್ಲಿ ಅಪ್ಪ ಸೀರೆ ನೇಯುತ್ತಿದ್ದ ಕುಣಿಮಗ್ಗ ಇದ್ದ ಜಾಗ ಈಗ ಬರಿ ತಗ್ಗು. ಹನ್ನೊಂದು ವರ್ಷದವನಿದ್ದಾಗ ಅಪ್ಪ ಅವನಿಗೆ ಸೀರೆಯ ಮೈಯ ನೂಲಿಗೂ ಸೆರಗಿನ ನೂಲಿಗೂ ಕೊಂಡಿ ಹಾಕಲು ಕೊಟ್ಟಿದ್ದ. ಸಾವಿರಾರು ಎಳೆಗಳಲ್ಲಿ ಒಂದು ತಪ್ಪಿತು. ಹೇಳಲಿಲ್ಲ, ಗಂಜಿ ಹಚ್ಚಿ ಕೂಡಿಸಿಟ್ಟ. ಒಂದಲ್ಲ, ಏಳೆಂಟು ತಪ್ಪಿದ್ದವು. ವ್ಯಾಪಾರಿ ಅಂಗಡಿಯಲ್ಲಿ ಸೀರೆ ಜಗ್ಗಿ ನೋಡಿದಾಗ ಸೆರಗು ಅಲ್ಲೇ ಬಾಯಿ ಬಿಟ್ಟಿತು. ಅಪ್ಪ ಮಗನ ಕಡೆ ತಿರುಗಲೇ ಇಲ್ಲ; “ನಂದ ತಪ್ಪಾತ್ರಿ” ಎಂದು ವ್ಯಾಪಾರಿಯ ಮುಂದೆ ಟೊಪ್ಪಿಗೆ ತೆಗೆದ. ಆ ಬೋಳು ತಲೆಯ ಮೇಲೆ ಬೆವರು ಮೂಡಿದ್ದು, ಒಂದು ನೊಣ ಕೂತು ಎದ್ದದ್ದು—

“ಏನ್ರಿ ಜಾನಪದ, ಗಂಟಿ ಬಾರಿಸಿ ಐದು ಮಿನೀಟಾತು!” ಹೆಡ್‌ಮಾಸ್ತರರು ಸ್ಟಾಫ್‌ರೂಮಿನ ಬಾಗಿಲಲ್ಲಿ ನಿಂತಿದ್ದರು. ಅವರು ಅವನನ್ನು ಹೆಸರು ಹಿಡಿದು ಕರೆದದ್ದು ಅವನ ನೇಮಕದ ದಿನ ಒಂದೇ. “ನಿಮ್ಮ ಹೊತ್ತಿಗಿ ವಿಷಯ ಹುನಗುಂದದ ತನಕ ಮುಟ್ಟೇತಿ. ಯಾವ ಹೊತ್ತಿಗಿರಿ ಅದು? ನಮಗೂ ಸ್ವಲ್ಪ ತೋರಿಸ್ರಿ.” ಗಣಿತದ ಮಾಸ್ತರ ತಲೆ ಎತ್ತದೆ ಪೇಪರಿನ ಹಿಂದಿನಿಂದಲೇ, “ಅದು ತೋರಿಸೂ ಹೊತ್ತಿಗಿ ಅಲ್ರಿ ಸಾಹೇಬ್ರ, ಕೇಳೂ ಹೊತ್ತಿಗಿ” ಎಂದ. ಎಲ್ಲರೂ ನಕ್ಕರು. ಇವರಿಗೆಲ್ಲ ಗೊತ್ತಿದೆ ಎಂದು ಗೋವಿಂದಪ್ಪನಿಗೆ ಅನ್ನಿಸಿತು. ಮರುಗಳಿಗೆಯಲ್ಲಿ ಏನೂ ಗೊತ್ತಿಲ್ಲ, ಸುಮ್ಮನೆ ಚೇಷ್ಟೆ ಅನ್ನಿಸಿತು. ಎರಡರಲ್ಲಿ ಯಾವುದು ಹೆಚ್ಚು ಭಯಂಕರ ಎಂದು ತೂಗುತ್ತ ವರಾಂಡದಲ್ಲಿ ನಡೆದ. ಆ ವರಾಂಡ ನಲವತ್ತು ಹೆಜ್ಜೆ. ಅವತ್ತು ಬಾದಾಮಿಯಿಂದ ಪಟ್ಟದಕಲ್ಲಿಗೆ ಹೋಗುವಷ್ಟು ಉದ್ದವಾಯಿತು.

ತರಗತಿಯಲ್ಲಿ ಬೆಂಚುಗಳನ್ನು ಗೋಡೆಗೆ ಸರಿಸಿ ಮಕ್ಕಳು ಆಟದ ತಾಲೀಮಿಗೆ ಸಜ್ಜಾಗಿದ್ದರು. ಸಾವಿನ ಪಾತ್ರದ ಶಿವಪುತ್ರ ಮನೆಯಿಂದ ಮಗ್ಗದ ಹಗ್ಗ ತಂದು ಕುಣಿಕೆ ಮಾಡಿಕೊಂಡಿದ್ದ. ಸುಳ್ಳಿನ ಪಾತ್ರ ಅಮೀನಬಿಯದು. ನಟನೆ ಅಂದರೆ ನಟನೆ, ಆ ಹುಡುಗಿ ಕಣ್ಣು ಹೊರಳಿಸಿದರೆ ಗೋಡೆಯ ಮೇಲಿನ ಹಲ್ಲಿಯೂ ನಂಬುತ್ತಿತ್ತು.

“ಸರ, ಸುಳ್ಳು ಹೆಂಗ ನಡೀತೈತ್ರಿ?” ಎಂದು ಕೇಳಿದಳು. “ಕುಂಟಕೋಂತ ಬರಬೇಕೇನ್ರಿ?”

“ಇಲ್ಲವಾ. ನೆಟ್ಟಗ ಬಾ. ಎಲ್ಲಾರಕಿಂತ ನೆಟ್ಟಗ.”

“ಮತ್ತ ಅದು ಸುಳ್ಳಂತ ಮಂದಿಗಿ ಹೆಂಗ ತಿಳೀಬೇಕ್ರಿ?”

“ತಿಳೀಬಾರದು” ಎಂದ ಗೋವಿಂದಪ್ಪ. ಗೋಡೆಯ ಬದಿಯ ಬೆಂಚಿನಲ್ಲಿ ಪಾತ್ರವಿಲ್ಲದೆ ಕೂತಿದ್ದ ಮಲ್ಲವ್ವ ಈ ಸಲ ಗುಂಡಿಯನ್ನಲ್ಲ, ಅವನ ಮುಖವನ್ನೇ ನೋಡಿದಳು. ಅಮೀನಬಿ ನೆಟ್ಟಗೆ ನಡೆದು ಬಂದಳು, ಹುಡುಗರು ಚಪ್ಪಾಳೆ ತಟ್ಟಿದರು, ಅದರ ನಡುವೆಯೇ ಬಾಗಿಲಲ್ಲಿ ಬೆಳಕು ಕಡಿಮೆಯಾಯಿತು.

ಈ ಎಂಟು ದಿನ ಗೋವಿಂದಪ್ಪನ ಕಣ್ಣೊಳಗೆ ಮಾಳಪ್ಪ ದಿನಕ್ಕೆ ಒಂದು ಗೇಣಿನಂತೆ ಬೆಳೆದು ತಾಳೆಮರದಷ್ಟಾಗಿದ್ದ. ಬಾಗಿಲಲ್ಲಿ ನಿಂತವನು ಗಿಡ್ಡ ಮನುಷ್ಯ. ಹೆಗಲ ಮೇಲೆ ಕಂಬಳಿ, ಚಪ್ಪಲಿ ಹೊರಗೇ ಬಿಟ್ಟ ಬರಿಗಾಲು. ಎರಡೂ ಕೈ ಜೋಡಿಸಿ, “ಶರಣ್ರಿ ಸರ. ಒಳಗ ಬರ್ಲೇನ್ರಿ?” ಎಂದ. ಬೈಗುಳಕ್ಕೆ ಕಟ್ಟಿಕೊಂಡು ನಿಂತಿದ್ದ ಗೋವಿಂದಪ್ಪನ ಎದೆ ಈ ನಮಸ್ಕಾರಕ್ಕೆ ಕುಸಿಯಿತು. ಕುರ್ಚಿ ತೋರಿಸಿದರೆ ಮಾಳಪ್ಪ ಕೂರಲಿಲ್ಲ, ನೆಲಕ್ಕೆ ಕುಕ್ಕರುಗಾಲಲ್ಲಿ ಕೂತ.

“ಡೊಳ್ಳಿನ ವಿಷಯಕ್ಕ ಬಂದೀರೇನ್ರಿ?” ಗೋವಿಂದಪ್ಪ ಕೇಳಿದ.

“ಡೊಳ್ಳು ಹೋದ್ರ ಹೋಗ್ಲಿ ಬಿಡ್ರಿ ಸರ” ಎಂದ ಮಾಳಪ್ಪ. “ನಿಮಗೊಂದು ಹೇಳ್ತೇನಿ, ನಗಬ್ಯಾಡ್ರಿ. ಆ ಸವಾಲಿಗಿ ನಮ್ಮ ಕಡೆ ಜವಾಬನ ಇರಲಿಲ್ರಿ. ನಮ್ಮಪ್ಪ ಸಾಯೂ ಮುಂದ ನನ್ನ ಕರದು, ‘ಲೇ ಮಾಳ್ಯಾ, ಐದನೇ ರೊಟ್ಟಿ ಯಾರಿಗಂತ ನನಗೂ ಗೊತ್ತಿಲ್ಲ, ನಮ್ಮಪ್ಪಗೂ ಗೊತ್ತಿರಲಿಲ್ಲ, ಯಾರ ಮುಂದೂ ಅನಬ್ಯಾಡ’ ಅಂದ. ನಲವತ್ತು ವರ್ಷ ಹಾಡೇನ್ರಿ. ಮಂದಿ ಸೋಲತಿದ್ರು, ಗೆದ್ದ ನನಗ ಹೊಟ್ಟ್ಯಾಗ ಕಲ್ಲು. ಆ ತಂಗಿ ರೊಟ್ಟಿ ಕೈಯಾಗ ಹಿಡಕೊಂಡು ಹೊಳಿ ದಂಡಿಗಿ ನಿಂತಬಿಟ್ಟಾಳ, ಎಷ್ಟು ಸಲ ಹಾಡಿದ್ರೂ ಅಲ್ಲೇ. ಮೊನ್ನಿ ಯಮನಪ್ಪ ಜವಾಬ ಹೇಳಿದಾಗ ಸಿಟ್ಟು ಬರಲಿಲ್ರಿ. ಅಳು ಬಂತು. ಇತ್ತಲ್ಲಾ ಅಂತ. ಯಾರೋ ಬರದಿಟ್ಟಾರಲ್ಲಾ ಅಂತ.” ಕಂಬಳಿಯ ತುದಿಯಿಂದ ಬಾಯಿ ಒರೆಸಿಕೊಂಡ. “ಹೊತ್ತು ಮುಳುಗಿದ ಮ್ಯಾಲ ನಾ ಹಾಡೂ ಹಂಗಿಲ್ಲ. ಅದಕ್ಕ ಮೊದಲ ಒಂದ ಸಲ ಓದಿ ತೋರಿಸ್ರಿ. ಕೇಳಿ ಹೋಗ್ತೇನಿ.”

ಆಗ ಹೇಳಬಹುದಿತ್ತು. ಬಾಯಿ ತೆರೆದ ಕೂಡಲೇ, ಹೇಳಿದರೆ ಈ ಮುದುಕನ ಅಳುವನ್ನು ಕಸಿದಂತೆ ಎಂಬ ಒಂದು ದೊಡ್ಡ ಕರುಣೆ ಗೋವಿಂದಪ್ಪನಲ್ಲಿ ಉಕ್ಕಿತು. ಇಡೀ ಹುನಗುಂದ ತಾಲೂಕಿಗೆ ಹಂಚಿದರೂ ಮಿಗುವಷ್ಟು ಕರುಣೆ. ಅದು ಕರುಣೆಯಲ್ಲ, ಹೆದರಿಕೆ ಕರುಣೆಯ ವೇಷ ಹಾಕಿ ಬಂದಿದೆ ಎಂದು ಅವನಿಗೆ ಗೊತ್ತಾಗುವಷ್ಟರಲ್ಲಿ ಕೈ ಮೇಜಿನ ಮೇಲೆ ಹೋಗಿ ಅಲ್ಲಿದ್ದ ಒಂದೇ ಹೊತ್ತಿಗೆಯನ್ನು ಎತ್ತಿಕೊಂಡಿತ್ತು. ಉದ್ದನೆಯದು, ಕೆಂಪು ಬಟ್ಟೆಯ ಬೈಂಡು, ಮೂಲೆ ಸವೆದದ್ದು. ತರಗತಿಯ ಹಾಜರಿ ಪುಸ್ತಕ. ಮಾಳಪ್ಪ ಕಂಬಳಿ ಸರಿಪಡಿಸಿಕೊಂಡು ಕಣ್ಣು ಮುಚ್ಚಿದ. ಗೋವಿಂದಪ್ಪ ನಡುವಿನ ಒಂದು ಪುಟ ತೆರೆದು, ಗೆರೆಗಳ ಮೇಲೆ ಬೆರಳು ಓಡಿಸುತ್ತ ‘ಓದಿದ’:

ಹಸದು ಬಂದಾನ ಯಮನ ಆಳು ಹೊಳಿಯ ದಾಟಿ
ಅಣ್ಣನ ಹೆಸರ ಕೂಗಿ ನಿಂತಾನ ಎದುರಿಗಿ
ಐದನೇ ರೊಟ್ಟಿ ಅವನ ಕೈಗಿ ಇಟ್ಟಾಳ ತಂಗಿ
ತಿಂದ ಬಾಯಿ ಒಯ್ಯಲಾರದ ತಿರುಗಿ ಹೋತ

ಎಲ್ಲಿಂದ ಬಂತೋ ದೇವರೇ ಬಲ್ಲ. ಮುಚ್ಚಿದ ಕಣ್ಣಿನ ಕೆಳಗಿಂದ ಮಾಳಪ್ಪನ ಗಡ್ಡಕ್ಕೆ ನೀರು ಇಳಿಯಿತು. ಗೋವಿಂದಪ್ಪನಿಗೆ ಆ ಒಂದು ಗಳಿಗೆ ತಾನು ಪಾರಾದೆ ಎನ್ನಿಸಿತು. ಪಾರಾದದ್ದಷ್ಟೇ ಅಲ್ಲ, ತಾನು ದೊಡ್ಡವನೇ ಎನ್ನಿಸಿತು.

“ಇನ್ನೊಂದ ಸಲ ಓದ್ರಿ” ಎಂದ ಮಾಳಪ್ಪ.

ಗೋವಿಂದಪ್ಪ ಪುಟವನ್ನು ನೋಡಿದ. ಪುಟದಲ್ಲಿ ಹೆಸರುಗಳು, ಚೌಕಗಳು, ಕೆಂಪು ಗುರುತುಗಳು. ಈಗಷ್ಟೇ ಹೇಳಿದ್ದು ಗಾಳಿಗೆ ಹೋಗಿತ್ತು. ಬರೆದು ಓದಿ ಬೆಳೆದವನ ತಲೆ, ಕಾಗದವಿಲ್ಲದೆ ಅದರಲ್ಲಿ ಏನೂ ನಿಲ್ಲದು. “ಹಸದು ಬಂದ ಯಮನ ಆಳು... ದಂಡಿಯ ಮ್ಯಾಲ...” ಎಂದು ಶುರು ಮಾಡಿದ. “ತಂಗಿ ನೋಡಿ... ಐದನೇ ರೊಟ್ಟಿ ಕೊಟ್ಟಾಳ ನಗುತ... ಉಂಡ ಬಾಯಿ...”

ಮಾಳಪ್ಪ ಕಣ್ಣು ತೆರೆದ. ಅವನು ಅಕ್ಷರ ಕಲಿತವನಲ್ಲ. ಏಳು ಸಾವಿರ ಸಾಲುಗಳನ್ನು ಒಂದೊಂದೇ ಸಲ ಕೇಳಿ ಹೊಟ್ಟೆಯಲ್ಲಿಟ್ಟುಕೊಂಡವನು. ಮೊದಲ ಸಲ ಓದಿದ ನಾಲ್ಕೂ ಸಾಲನ್ನು ಒಂದು ಕಾಳು ಹೆಚ್ಚಿಲ್ಲದೆ, ಒಂದು ಕಾಳು ಕಡಿಮೆಯಿಲ್ಲದೆ ತಿರುಗಿ ಒಪ್ಪಿಸಿದ. ಆಮೇಲೆ ಬಹಳ ಮೆಲ್ಲಗೆ, ರೋಗಿಯನ್ನು ಮಾತಾಡಿಸುವಂತೆ, “ಹೊತ್ತಿಗಿ ಬದಲಾಗತೈತೇನ್ರಿ ಸರ?” ಎಂದು ಕೇಳಿದ.

ಮಾಳಪ್ಪ ಎದ್ದು ಹತ್ತಿರ ಬಂದ, ಗೋವಿಂದಪ್ಪನ ಕೈಯಿಂದ ಹೊತ್ತಿಗೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹಣೆಗೆ ಮುಟ್ಟಿಸಿದ. “ಮಲ್ಲವ್ವಾ, ಇಲ್ಲಿ ಬಾ. ನೀ ಓದು.”

ಮಲ್ಲವ್ವ ಎದ್ದು ಬಂದಳು. ಹೊತ್ತಿಗೆಯನ್ನು ನೋಡಿದಳು, ಅಪ್ಪನನ್ನು ನೋಡಿದಳು. ಗೋವಿಂದಪ್ಪ ಅವಳಿಗೆ ಮಾತ್ರ ಕಾಣುವಂತೆ, ಬೇಡ ಎಂದು ತಲೆಯನ್ನು ಒಂದಿಷ್ಟೇ ಅಲ್ಲಾಡಿಸಿದ. ಅದು ಬೇಡಿಕೆಯೋ ಅಪ್ಪಣೆಯೋ ಅವನಿಗೇ ತಿಳಿಯದು, ಮೂವತ್ತೆಂಟು ಮಕ್ಕಳ ಮುಂದೆ ಹದಿನೈದು ವರ್ಷದ ಹುಡುಗಿಯನ್ನು ಬೇಡಿದ್ದಂತೂ ಖರೆ. ಅವಳು ತುಟಿ ಒದ್ದೆ ಮಾಡಿಕೊಂಡು, ಪದ ಹಾಡುವ ದನಿಯಲ್ಲಲ್ಲ, ಸಾಲೆಯ ದನಿಯಲ್ಲಿ ಓದಿದಳು:

“ಒಂದು. ಕಾಳಪ್ಪ.”

ಗೋಡೆಯ ಬದಿಯಿಂದ ಕಾಳಪ್ಪ ಹತ್ತು ವರ್ಷದ ರೂಢಿಯಿಂದ ಥಟ್ಟನೆ ಎದ್ದು, “ಹಾಜರ್ರಿ ಸರ!” ಎಂದ.

“ಎರಡು. ಇಮಾಮಸಾಬ.”

“ಹಾಜರ್ರಿ.”

ಒಬ್ಬ ಹುಡುಗ ಕಿಸಕ್ಕನೆ ನಕ್ಕು ಅಲ್ಲೇ ನುಂಗಿಕೊಂಡ. ಮಲ್ಲವ್ವ ನಿಲ್ಲಿಸಲಿಲ್ಲ. ಮೂರು, ನಾಲ್ಕು, ಒಂಬತ್ತು. ಸಾವು ಕುಣಿಕೆ ಹಿಡಿದುಕೊಂಡೇ ಹಾಜರ್ ಎಂದಿತು. ಇಪ್ಪತ್ತೆರಡಕ್ಕೆ ಸುಳ್ಳು, ಬಣ್ಣದ ದುಪ್ಪಟ್ಟಾದ ಒಳಗಿಂದ, ಅಳುವ ದನಿಯಲ್ಲಿ ಹಾಜರ್ ಎಂದಿತು. ತನ್ನ ಹೆಸರು ಬಂದಾಗ ಮಲ್ಲವ್ವ ಓದಿ, ತಾನೇ “ಹಾಜರ್” ಎಂದು ಮುಂದೆ ಹೋದಳು. ಮಾಳಪ್ಪ ಪ್ರತಿಯೊಂದು ಹೆಸರಿಗೂ ತಲೆದೂಗುತ್ತ ನಿಂತು ಕೇಳಿದ. ಮೂವತ್ತೊಂಬತ್ತರ ತನಕ ಯಾರೂ ಅವಳನ್ನು ತಡೆಯಲಿಲ್ಲ. ತಡೆಯಬೇಕಾದವನ ಕಾಲು ನೆಲದಲ್ಲಿ ಹೂತಿದ್ದವು. ಪುಟದ ಕೊನೆಯಲ್ಲಿ ಅವಳ ಬೆರಳು ನಿಂತಿತು.

“ವರ್ಗ ಶಿಕ್ಷಕರು. ಗೋವಿಂದಪ್ಪ.”

ಎಲ್ಲ ಮಕ್ಕಳೂ ಅವನ ಕಡೆ ನೋಡುತ್ತಿದ್ದರು, ಗೇಲಿಯಿಂದಲ್ಲ. ಹೆಸರು ಕೂಗಿದ ಮೇಲೆ ಉತ್ತರ ಬರಬೇಕಲ್ಲ ಎಂಬ ಬರಿಯ ರೂಢಿಯಿಂದ.

“ಅದು ನಾ ಕಟ್ಟಿದ್ರಿ” ಎಂದ ಗೋವಿಂದಪ್ಪ. “ಹೊತ್ತಿಗ್ಯಾಗ ಇಲ್ಲ. ಯಾವ ಹೊತ್ತಿಗ್ಯಾಗೂ ಇಲ್ಲ. ನನಗ ಗೊತ್ತಿಲ್ರಿ.”

ಮಾಳಪ್ಪನ ಮುಖದಲ್ಲಿ ಎಂಟು ದಿನದಿಂದ ಇದ್ದದ್ದು ಏನೋ ಆರಿಹೋಯಿತು, ಅದನ್ನು ಗೋವಿಂದಪ್ಪ ಕಣ್ಣಾರೆ ಕಂಡ. ಹೊಡೆಯಬಹುದು ಅನ್ನಿಸಿತು, ಹೊಡೆದರೆ ಚೆನ್ನಾಗಿತ್ತು ಅನ್ನಿಸಿತು. ಮಾಳಪ್ಪ ಮಗಳ ತಲೆಯ ಮೇಲೆ ಒಂದು ಸಲ ಕೈಯಿಟ್ಟು, ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡ.

“ನಡೀರಿ” ಎಂದ.

“ಎಲ್ಲಿಗ್ರಿ?”

“ಗುಡಿಗಿ. ಈ ಮಾತು ಪಂಚರ ಮುಂದ ನಿಮ್ಮ ಬಾಯಿಲೇ ಬರಬೇಕು. ನಾ ಹೇಳಿದ್ರ ಸೋತಾವ ಹೇಳಿದಂಗ ಆಗತೈತಿ. ಯಮನಪ್ಪನ ಮಂದಿ ಎಲ್ಲಾ ಅಲ್ಲೇ ಕುಂತಾರ.”

ಯಮನಪ್ಪನ ಮಂದಿ ಎಂದರೆ ಹಳ್ಳಿಗೆ ಹಳ್ಳಿಯೇ. ಗೋವಿಂದಪ್ಪ ಪೀರಿಯಡ್ಡು ಮುಗಿದಿಲ್ಲ ಅನ್ನಬೇಕೆಂದುಕೊಂಡ, ಹೆಡ್‌ಮಾಸ್ತರರನ್ನು ಕೇಳಬೇಕು ಅನ್ನಬೇಕೆಂದುಕೊಂಡ, ಮಕ್ಕಳ ಮುಖ ನೋಡಿ ಯಾವುದನ್ನೂ ಅನ್ನಲಿಲ್ಲ. ಹೊರಗೆ ಅವನ ಚಪ್ಪಲಿ ಬಿಸಿಲಿಗೆ ಕಾದು ಕಾವಲಿಯಾಗಿತ್ತು. ಎಡಗಾಲಿಗೆ ಬಲಗಾಲಿನದು ಹಾಕಿದ, ತೆಗೆದ, ಮತ್ತೆ ಹಾಕಿದ. ಸ್ಟಾಫ್‌ರೂಮಿನ ಕಿಟಕಿಯಲ್ಲಿ ಪೇಪರು ಕೆಳಗಿಳಿಯಿತು. ಮಾಳಪ್ಪ ಹತ್ತು ಹೆಜ್ಜೆ ಮುಂದಿದ್ದ, ತಿರುಗಿ ನೋಡುತ್ತಿರಲಿಲ್ಲ. ಜಾಲಿಗಿಡಗಳ ನಡುವಿನ ಕಾಲುದಾರಿ ಗುಡಿಯ ಕಡೆಗೆ ಬೆಳ್ಳಗೆ ಉರಿಯುತ್ತಿತ್ತು, ಅದರ ಕೊನೆಯಲ್ಲಿ ಜನ ಇರುವೆಯಷ್ಟಷ್ಟೇ ಕಾಣುತ್ತಿದ್ದರು, ಹೆಜ್ಜೆಗೊಂದಿಷ್ಟು ದೊಡ್ಡವರಾಗುತ್ತಿದ್ದರು. ಓಡಬೇಕೆಂದರೆ ಸುತ್ತಲೂ ಬಯಲು, ಓಡಿದವನು ಮೂರು ತಾಲೂಕಿಗೆ ಕಾಣುತ್ತಾನೆ.

ಅರ್ಧ ದಾರಿಯಲ್ಲಿ ಮಾಳಪ್ಪ ನಿಂತ. ಗೋವಿಂದಪ್ಪ ಬಂದು ಕೂಡುವ ತನಕ ಕಾದು, ಮುಖ ಅತ್ತಲೇ ಇಟ್ಟುಕೊಂಡು ಹೇಳಿದ:

“ಮೊದಲನೇ ಸಲ ಓದಿದ್ದು ಭಾಳ ಚಲೋ ಇತ್ರಿ ಸರ.”